ಆಚೆ ದಡ: ಅಮ್ಮನನ್ನು ಕೂರಿಸಿಕೊಂಡು ಕ್ಯಾರವಾನಿನಲ್ಲಿ ಮಸ್ಕತ್‌ನಿಂದ ಸಲಾಲಾ

ಬೇಲೆಕೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ಒಮಾನಿನ ಕರಾವಳಿಯುದ್ದಕ್ಕೂ ಕ್ಯಾರವಾನ್, ಅಂದರೆ ಗಾಡಿ ಹಿಂದೆ ಕಟ್ಟುವ ಸಣ್ಣ ಮನೆ, ಎಳೆದುಕೊಂಡು ಹೋಗಬಹುದಾ ಅಂತ ಮಳೆಗಾಲದಲ್ಲಿ ನಮ್ಮ ಈ ಗುಂಪಿನಲ್ಲೇ ಕೇಳಿದ್ದೆ. ಮೂರು ಜನ ಬೇಡ ಅಂದ್ರಿ. ಒಬ್ಬರು "ಅಮ್ಮನ್ನ ಕರ್ಕೊಂಡಾ? ತಲೆ ಸಮ ಇದ್ಯಾ?" ಅಂದ್ರಿ. ಹೋಗಿ ಬಂದ್ವಿ. ತಲೆ ಸಮ ಇದೆ, ಟೈರ್ ಒಂದು ಹೋಯ್ತು, ಅಮ್ಮನ ಚಾಪೆ ಒಂದು ಹೋಯ್ತು.

ಮಸ್ಕತ್‌ನಿಂದ ಸಲಾಲಾಕ್ಕೆ ಎಲ್ಲರೂ ಹೋಗುವುದು ಒಳನಾಡಿನ ದಾರಿಯಲ್ಲಿ, ಹೈಮಾ ಮೇಲಿಂದ. ಸಾವಿರ ಕಿಲೋಮೀಟರ್, ಒಂದೇ ದಿನದಲ್ಲಿ ಹೊಡೆಯುವವರೂ ಇದ್ದಾರೆ. ನಾವು ಹೋದದ್ದು ಕಡಲ ಬದಿಯಿಂದ: ಸೂರ್, ರಾಸ್ ಅಲ್ ಹದ್ದ್, ಅಲ್ ಅಶ್ಖರಾ, ಮಹೂತ್, ಖಲೂಫ್, ದುಕ್ಮ್, ರಾಸ್ ಮದ್ರಕಾ, ಶುವೈಮಿಯಾ, ಹಾಸಿಕ್, ಮಿರ್ಬಾತ್, ಸಲಾಲಾ. ಒಂಬತ್ತು ರಾತ್ರಿ. ವಾಪಸ್ ಬರುವಾಗ ಮಾತ್ರ ಹೈಮಾ ದಾರಿ. ಅದರ ಬಗ್ಗೆ ಬರೆಯಲಿಕ್ಕೆ ಏನೂ ಇಲ್ಲ, ನಿದ್ದೆ ಬರದ ಹಾಗೆ ನೋಡಿಕೊಳ್ಳುವುದೇ ಕೆಲಸ.

ಡಿಸೆಂಬರ್‌ನಲ್ಲಿ ಹೋದದ್ದಕ್ಕೆ ಹವೆ ನಮ್ಮೂರ ಡಿಸೆಂಬರ್ ಹಾಗೇ ಇತ್ತು, ರಾತ್ರಿ ಕಂಬಳಿ ಬೇಕು. ಹೋಟೆಲ್ ಬಿಟ್ಟು ಕ್ಯಾರವಾನ್ ಯಾಕೆ ಅಂದ್ರೆ ಎರಡು ಕಾರಣ. ಅಮ್ಮನಿಗೆ ಅರವತ್ತೆಂಟು, ಮೊಣಕಾಲು ನೋವು, ಶೌಚಾಲಯ ಹತ್ತಿರ ಇರಲೇಬೇಕು. ಎರಡನೆಯದು, ಅವಳು ಬೇರೆಯವರು ಮಾಡಿದ ಮೀನು ಸಾರು ಉಣ್ಣುವುದಿಲ್ಲ. ಕುಚ್ಚಿಗೆ ಅಕ್ಕಿ, ಮುರುಗಲ ಸಿಪ್ಪೆ, ತೆಂಗಿನಕಾಯಿ, ಮೆಣಸು ಎಲ್ಲ ಬೇಲೆಕೇರಿಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಮೀನು ಮಾತ್ರ ದಿನಾ ಅಲ್ಲಲ್ಲೇ.

ಎರಡನೇ ದಿನ ಅಲ್ ಅಶ್ಖರಾ ದಾಟಿದ ಮೇಲೆ ಬಲಗಡೆ ಮರಳು ದಿಬ್ಬ, ಎಡಗಡೆ ಸಮುದ್ರ, ನಡುವೆ ಒಂದೇ ಒಂದು ರಸ್ತೆ. ಗಾಳಿ ಬಂದು ರಸ್ತೆ ಮೇಲೆ ಮರಳಿನ ನಾಲಿಗೆ ಚಾಚಿರ್ತದೆ, ಲೋಡರ್ ಬಂದು ಕೆರೆದು ಹೋಗ್ತದೆ. ಮರ ಇಲ್ಲ, ಮನೆ ಇಲ್ಲ, ಹೊಳೆ ಇಲ್ಲ. ಅಮ್ಮ ಅರ್ಧ ಗಂಟೆ ಸುಮ್ಮನೆ ನೋಡಿ, "ಇಷ್ಟು ದೊಡ್ಡ ಸಮುದ್ರ ಇಟ್ಕೊಂಡು ಒಂದು ತೆಂಗಿನ ಸಸಿ ನೆಡ್ಲಿಲ್ವಲ್ಲ ಇವ್ರು" ಅಂದಳು.

ಮಾರನೇ ಬೆಳಿಗ್ಗೆ ಆರೂವರೆಗೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಏನೋ ಆಯ್ತು ಅಂತ ಗಾಬರಿಯಲ್ಲಿ ಎದ್ದರೆ, "ಹೊರಗೆ ಬಾ, ಸೂರ್ಯ ನೀರಿಂದ ಬರ್ತಾ ಇದ್ದಾನೆ." ಅರವತ್ತೆಂಟು ವರ್ಷ ಸಮುದ್ರದ ಬದಿಯಲ್ಲೇ ಬದುಕಿದವಳು, ಸೂರ್ಯ ನೀರಿಗೆ ಇಳಿಯುವುದನ್ನು ಮಾತ್ರ ನೋಡಿದ್ದಾಳೆ. ನಮಗೆ ಅವನು ಬರುವುದು ಗುಡ್ಡದಿಂದ. ಅದು ನನಗೆ ಹೊಳೆದೇ ಇರಲಿಲ್ಲ, ಮಸ್ಕತ್‌ನಲ್ಲಿ ಹನ್ನೊಂದು ವರ್ಷ ಇದ್ದರೂ.

ಪ್ರಶ್ನೆ ಇದ್ದರೆ ಕೇಳಿ.

ಹುಲೇಕಲ್ ತೋಟ

ಮರಳು ನೋಡಲೆ ಅಷ್ಟು ದೂರ ಎಂತಕ್ಕೋ ಮಾರಾಯಾ? ಶಿರಸಿ ಪ್ಯಾಟೆಲಿ ಮನೆ ಕಟ್ಟವ್ವು ಸುರಿದ ರಾಶಿ ನೋಡಿರೆ ಸಾಕಿತ್ತು.

ಕುಮಟಾ ಗ್ಯಾರೇಜ್

ತೋಟದವರ ಮಾತು ಬಿಡಿ, ಅವರಿಗೆ ಕತ್ತಗಾಲದ ಸೊಪ್ಪಿನ ಬೆಟ್ಟ ದಾಟಿದರೆ ಪರದೇಶ.

ನನ್ನ ಪ್ರಶ್ನೆ: ಕ್ಯಾರವಾನ್ ತೂಕ ಎಷ್ಟು, ಎಳೆದ ಗಾಡಿ ಯಾವುದು, ಬ್ರೇಕ್ ಕ್ಯಾರವಾನಿಗೂ ಇತ್ತಾ? ಟೈರ್ ಹೇಗೆ ಹೋಯ್ತು? ನೀವು ಹಾಕಿದ ಚಿತ್ರದಲ್ಲಿ ಕ್ಯಾರವಾನಿನ ಹಿಂಭಾಗ ಕುಕ್ಕರಿಸಿದ ಹಾಗೆ ಕಾಣ್ತದೆ.

ಬೇಲೆಕೇರಿ ಹುಡುಗ

ಕಣ್ಣು ಅಂದ್ರೆ ಕಣ್ಣು. ಬಾಡಿಗೆಗೆ ತಂದ ಎರಡು ಜನರ ಸಣ್ಣ ಕ್ಯಾರವಾನ್, ತುಂಬಿದ ಮೇಲೆ 1,100 ಕಿಲೋ. ಎಳೆದದ್ದು ನನ್ನದೇ ಹಳೇ ಫೋರ್ ವೀಲ್ ಗಾಡಿ. ಕ್ಯಾರವಾನಿಗೆ ತಳ್ಳುಬ್ರೇಕ್ ಇತ್ತು, ಅಂದರೆ ಮುಂದಿನ ಗಾಡಿ ನಿಧಾನ ಆದಾಗ ಕೊಕ್ಕೆ ಒತ್ತಿ ತಾನೇ ಹಿಡಿಯುವಂಥದ್ದು.

ಮೊದಲ ದಿನವೇ ತಪ್ಪು ಮಾಡಿದೆ. ನೀರಿನ ಕ್ಯಾನ್ ಆರು, ಅಕ್ಕಿ ಚೀಲ, ಗ್ಯಾಸ್ ಎಲ್ಲ ಹಿಂದಿನ ಬೀರುವಿನಲ್ಲಿ ತುಂಬಿದ್ದೆ. ಸೂರ್ ದಾರಿಯ ಇಳಿಜಾರಿನಲ್ಲಿ ನೂರರ ಹತ್ತಿರ ಹೋದಾಗ ಕ್ಯಾರವಾನ್ ಬಾಲ ಆಡಿಸಲಿಕ್ಕೆ ಶುರು ಮಾಡಿತು. ಮೊದಲು ಮೆಲ್ಲಗೆ, ಆಮೇಲೆ ನನ್ನ ಗಾಡಿಯ ಹಿಂಭಾಗವನ್ನೇ ಆಚೆ ಈಚೆ ಎಳೆಯುವಷ್ಟು. ಕಾಲು ಬ್ರೇಕಿಗೆ ಹೋಗ್ತದೆ, ಹೋಗಬಾರದು. ಸ್ಟೇರಿಂಗ್ ನೇರ ಹಿಡಿದು, ಎಕ್ಸಿಲೇಟರ್ ಬಿಟ್ಟು ಕಾಯಬೇಕು. ನಾನು ಹಾಗೇ ಮಾಡಿದೆ ಅಂತ ಹೇಳಿಕೊಳ್ಳಬಹುದು, ನಿಜ ಏನೆಂದರೆ ಕೈಕಾಲು ಹೆಪ್ಪುಗಟ್ಟಿ ಏನೂ ಮಾಡದೇ ಕೂತಿದ್ದೆ. ಅದೇ ಸರಿಯಾದ ಉಪಾಯ ಆಯ್ತು.

ಟೈರ್ ಕತೆ: ಎಂಟನೇ ದಿನ, ಕ್ಯಾರವಾನಿನ ಎಡಗಾಲು. ಸವೆದಿರಲಿಲ್ಲ, ಹಳೆಯದಾಗಿತ್ತು. ಪಕ್ಕೆ ಬಿರಿದು ಚರ್ಮ ಸುಲಿದ ಹಾಗೆ ಹೋಯ್ತು. ಸ್ಟೆಪ್ನಿಯಲ್ಲಿ ಗಾಳಿ ಅರ್ಧ. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ "ಹೋಗುವಾಗ ನೀವೇ ನೋಡಿಕೊಳ್ಳಬೇಕಿತ್ತು" ಅಂದರು.

ಕುಮಟಾ ಗ್ಯಾರೇಜ್

ಅವರು ಹೇಳಿದ್ದು ಕೋಪ ಬರಿಸುವಂಥದ್ದೇ, ಆದರೆ ನೋಡಬೇಕಿತ್ತು. ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2317 ಅಂತ ಇದ್ದರೆ 2017ರ ಇಪ್ಪತ್ತಮೂರನೇ ವಾರದ್ದು. ಕ್ಯಾರವಾನ್ ವರ್ಷಕ್ಕೆ ಹತ್ತು ತಿಂಗಳು ಬಿಸಿಲಲ್ಲಿ ನಿಂತೇ ಇರ್ತದೆ. ಟೈರಿನ ಹಲ್ಲು ಚೆನ್ನಾಗಿದ್ದರೂ ರಬ್ಬರ್ ಒಳಗೇ ಸತ್ತಿರ್ತದೆ.

ತೂಕದ ವಿಷಯ ಎಲ್ಲರೂ ಬರೆದಿಟ್ಟುಕೊಳ್ಳಿ: ಕ್ಯಾರವಾನಿನ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕೊಕ್ಕೆಯ ಮೇಲೆ ಕೂರಬೇಕು. ಭಾರದ ಸಾಮಾನು ಗಾಲಿಯ ಮೇಲೆ, ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರ. ಎತ್ತಿನ ಗಾಡಿ ಹೂಡಿದ ಅಜ್ಜಂದಿರಿಗೆ ಇದು ಗೊತ್ತಿತ್ತು. ಹಿಂಭಾರ ಆದರೆ ನೊಗ ಮೇಲೇಳ್ತದೆ.

ಬೈತಖೋಲ್ ಬೋಟ್

ಚಾಪೆ ಹೋಯ್ತು ಅಂದಿರಲ್ಲ, ಅದು ಹೇಳಿ. ಮರಳಲ್ಲಿ ಹೂತಿದ್ದು ಗ್ಯಾರಂಟಿ.

ಬೇಲೆಕೇರಿ ಹುಡುಗ

ಹೌದು. ಖಲೂಫ್.

ಖಲೂಫ್ ಒಂದು ಸಣ್ಣ ಮೀನುಗಾರರ ಹಳ್ಳಿ. ಅದರ ದಕ್ಷಿಣಕ್ಕೆ ಬಿಳೀ ಮರಳಿನ ದಿಬ್ಬಗಳು ನೇರ ಸಮುದ್ರಕ್ಕೆ ಇಳೀತವೆ. ಸಕ್ಕರೆ ದಿಬ್ಬ ಅಂತಲೇ ಹೆಸರು, ಬೆಳದಿಂಗಳಲ್ಲಿ ನೋಡಿದರೆ ಉಪ್ಪಿನ ಆಗರದ ರಾಶಿ ನೆನಪಾಗ್ತದೆ. ಅಲ್ಲಿಗೆ ರಸ್ತೆ ಇಲ್ಲ. ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಗಾಡಿ ಬಿಟ್ಟುಕೊಂಡು ಹೋಗಬೇಕು. ಊರವರೆಲ್ಲ ಹೋಗ್ತಾರೆ, ದೋಣಿಯನ್ನೂ ಪಿಕಪ್ಪಿನಿಂದಲೇ ನೀರಿಗೆ ತಳ್ಳುತ್ತಾರೆ.

ಟೈರಿನ ಗಾಳಿ ಮೂವತ್ತೈದರಿಂದ ಹದಿನೆಂಟಕ್ಕೆ ಇಳಿಸಿದೆ. ನನ್ನ ಗಾಡಿಯದ್ದು ಮಾತ್ರ. ಕ್ಯಾರವಾನಿನ ಎರಡು ಟೈರಿನದ್ದು ಇಳಿಸಲಿಲ್ಲ, ಅದಕ್ಕೆ ಎಂಜಿನ್ ಇಲ್ಲವಲ್ಲ, ಸುಮ್ಮನೆ ಉರುಳ್ತದೆ ಅಂತ ಲೆಕ್ಕ. ನಾಲ್ಕು ಕಿಲೋಮೀಟರ್ ಆರಾಮ. ಮತ್ತೆ ಒಂದು ಕಡೆ ಅಮ್ಮನಿಗೆ ಚಿಪ್ಪು ಕಂಡಿತು, ನಿಲ್ಲಿಸು ಅಂದಳು, ನಿಲ್ಲಿಸಿದೆ. ಹೊರಡುವಾಗ ಕ್ಯಾರವಾನ್ ಲಂಗರು ಹಾಕಿದ ಹಾಗೆ ಕೂತುಬಿಟ್ಟಿತು. ಗಟ್ಟಿ ಗಾಳಿಯ ಸಣ್ಣ ಟೈರ್ ಚಾಕುವಿನ ಹಾಗೆ ಮರಳು ಕೊಯ್ದು ಅಚ್ಚಿನ ತನಕ ಇಳಿದಿತ್ತು. ನಾನು ಎಕ್ಸಿಲೇಟರ್ ಒತ್ತಿದೆ. ಒತ್ತಬಾರದಿತ್ತು. ಈಗ ಗಾಡಿಯೂ ಕೂತಿತು.

ಅಷ್ಟರಲ್ಲಿ ಭರ್ತಿ ಶುರು. ಆ ದಂಡೆ ಎಷ್ಟು ಚಪ್ಪಟೆ ಅಂದರೆ ನೀರು ಏರುವುದು ಕಾಣುವುದಿಲ್ಲ, ಹತ್ತಿರ ಬಂದದ್ದು ಮಾತ್ರ ಕಾಣ್ತದೆ. ಸಲಿಕೆಯಲ್ಲಿ ಅಗೆದೆ, ಅಗೆದಷ್ಟೂ ಒಳಗೆ ನೀರು ಒಸರ್ತದೆ. ಅಮ್ಮ, "ಮಡ್ಲು ಹಾಕು ಅಡಿಗೆ" ಅಂದಳು. ನಮ್ಮೂರಲ್ಲಿ ದೋಣಿ ಎಳೆಯುವಾಗ, ಲಾರಿ ಹೂತಾಗ ಅದೇ ತಾನೇ, ತೆಂಗಿನ ಮಡ್ಲು ತಂದು ಒಗೆಯುವುದು. ಇಲ್ಲಿ ನೂರಾರು ಕಿಲೋಮೀಟರ್ ತನಕ ತೆಂಗಿನ ಮರ ಇಲ್ಲ. ಒಳಗೆ ಹೋಗಿ ಅವಳ ಹಾಸಿಗೆಯಡಿ ಇದ್ದ ಚಾಪೆ ಎಳೆದು ತಂದಳು. ಇನ್ನೊಂದು ಗಾಲಿಗೆ ಕಾಲೊರಸುವ ಚಾಪೆ, ಅಡಿಗೆಮನೆಯ ರಬ್ಬರ್ ಹಾಸು.

ಅದರಿಂದ ಎದ್ದಿತಾ ಅಂದರೆ ಇಲ್ಲ. ಎರಡು ಅಡಿ ಮುಂದೆ ಬಂದು ಮತ್ತೆ ಕೂತಿತು, ಚಾಪೆ ಹಿಂದಕ್ಕೆ ಚಿಂದಿಯಾಗಿ ಹಾರಿತು. ಆಮೇಲೆ ಒಬ್ಬ ಮೀನುಗಾರ ಪಿಕಪ್ಪಿನಲ್ಲಿ ಬಂದ. ಮುಖ ನೋಡಿ ನಕ್ಕ, ಏನೂ ಕೇಳಲಿಲ್ಲ. ಮೊದಲು ಕ್ಯಾರವಾನ್ ಬಿಚ್ಚಿಸಿದ. ನನ್ನ ಗಾಡಿಯ ಗಾಳಿಯನ್ನು ಇನ್ನೂ ಇಳಿಸಿ ಹನ್ನೆರಡಕ್ಕೆ ತಂದು ತಾನೇ ಕೂತು ಹಿಂದಕ್ಕೆ ಆಡಿಸಿ ಎಬ್ಬಿಸಿದ. ಕ್ಯಾರವಾನಿನ ಗಾಳಿಯನ್ನೂ ಇಳಿಸಿದ. ಅವನು ಗಟ್ಟಿ ಮರಳಿನ ಮೇಲೆ ದೂರ ನಿಂತು ಇಪ್ಪತ್ತು ಮೀಟರ್ ಹಗ್ಗದಲ್ಲಿ ಎಳೆದ, ದೋಣಿ ಎಳೆಯುವ ಹಗ್ಗವೇ. ಹತ್ತು ನಿಮಿಷದ ಕೆಲಸ. ನಾನು ಎರಡು ಗಂಟೆ ಬೆವರು ಸುರಿಸಿದ್ದೆ.

ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಅಮ್ಮ ಮುರುಗಲ ಪಾನಕ ಮಾಡಿ ಕೊಟ್ಟಳು, ಕುಡಿದು ಮತ್ತೊಂದು ಲೋಟ ಕೇಳಿದ. ಹೋಗುವಾಗ ಒಂದು ಇಸ್ವಾಣ ಮೀನು ಎಸೆದು ಹೋದ, ನಾಲ್ಕು ಕಿಲೋಗೆ ಕಮ್ಮಿ ಇರಲಿಕ್ಕಿಲ್ಲ.

ಬೈತಖೋಲ್ ಬೋಟ್

ಅಲ್ಲ ರೇ, ಬೇಲೆಕೇರಿಯವನಾಗಿ ಭರ್ತಿ ನೋಡದೆ ದಂಡೆಗೆ ಇಳಿದ್ಯಾ? ಅಂದು ತಿಥಿ ಯಾವುದು?

ಬೇಲೆಕೇರಿ ಹುಡುಗ

ಹುಣ್ಣಿಮೆ ಮಾರನೇ ದಿನ. ಬೆಳದಿಂಗಳು ನೋಡಬೇಕು ಅಂತಲೇ ಆ ದಿನ ಇಟ್ಟುಕೊಂಡಿದ್ದು. ಬಯ್ಯಿರಿ.

ಬೈತಖೋಲ್ ಬೋಟ್

ಬಯ್ಯೋದಿಲ್ಲ, ನಗ್ತಾ ಇದ್ದೇನೆ. ಹುಣ್ಣಿಮೆ ಅಮಾಸೆ ಆಸುಪಾಸು ಭರ್ತಿ ದೊಡ್ಡದು, ಇಳಿತವೂ ದೊಡ್ಡದು. ಇಳಿದಾಗ ದಂಡೆ ಅಗಲ ಕಂಡು ಆಸೆ ಆಗ್ತದೆ, ಅಲ್ಲೇ ಮೋಸ. ಅಷ್ಟಮಿ ನವಮಿಗೆ ಹೋಗಬೇಕು. ಆ ದಿನ ಭರ್ತಿ ಕೊನೆ ಎಲ್ಲಿ ಅಂತ ಕಸದ ಗೆರೆ ನೋಡಿದರೆ ಗೊತ್ತಾಗ್ತದೆ. ಗಾಡಿ ಯಾವತ್ತೂ ಆ ಗೆರೆಗಿಂತ ಮೇಲೆ, ನೀರಿನಿಂದ ದೂರ ನಿಲ್ಲಿಸು.

ಅವರು ಪಿಕಪ್ಪಲ್ಲಿ ಬಲೆ ಎಳೆಯೋದು ನೋಡಿದ್ಯಾ? ನಮ್ಮಲ್ಲಿ ರಂಪಣಿ ಬಲೆಗೆ ಐವತ್ತು ಅರವತ್ತು ಜನ ಎರಡು ಕಡೆ ಹಗ್ಗ ಹಿಡೀತಿದ್ರು. ಈಗ ಜನ ಎಲ್ಲಿ.

ಬೇಲೆಕೇರಿ ಹುಡುಗ

ನೋಡಿದೆ, ಖಲೂಫ್‌ನಲ್ಲೇ. ಹಗ್ಗದ ಎರಡು ತುದಿಗೆ ಎರಡು ಪಿಕಪ್. ನಾಲ್ಕೇ ಜನ. ಅಮ್ಮನ ಅಪ್ಪ ರಂಪಣಿಗೆ ಹೋಗುತ್ತಿದ್ದವರು. ಅವಳು ಅಲ್ಲೇ ಮರಳಲ್ಲಿ ಕೂತು ಬಲೆ ಪೂರ್ತಿ ದಡಕ್ಕೆ ಬರುವ ತನಕ ಏಳಲಿಲ್ಲ.

ಭಟ್ಕಳ ಚಾಚಾ

ಓದಿ ಖುಷಿಯಾಯ್ತು. ನಾನು 1983ರಲ್ಲಿ ಮಸ್ಕತ್‌ಗೆ ಹೋದವನು, ಇಪ್ಪತ್ತಾರು ವರ್ಷ ಸಾಮಾನಿನ ಲಾರಿ ಲೆಕ್ಕ ಬರೆದವನು. ಆಗ ದುಕ್ಮ್ ಅಂದರೆ ನಾಲ್ಕು ಗುಡಿಸಲು. ಈಗ ಬಂದರು, ರಿಫೈನರಿ ಎಲ್ಲ ಆಗಿದೆ ಅಂತಾರೆ. ಕಡಲ ಬದಿ ಜಲ್ಲಿ ದಾರಿಯಲ್ಲಿ ನಮ್ಮ ಡ್ರೈವರುಗಳು ಕಲ್ಲು ಗುಡ್ಡೆ ಇಟ್ಟು ಗುರುತು ಮಾಡಿಕೊಂಡು ಹೋಗುತ್ತಿದ್ದರು.

ನೀವು ಮರಳಿನ ಬಗ್ಗೆ ಹೇಳಿದಿರಿ, ಸಬ್ಖಾ ಬಗ್ಗೆ ಹೇಳಲಿಲ್ಲ. ಹೋಗುವ ಹುಡುಗರಿಗೆ ಅದೇ ಮುಖ್ಯ. ಮಹೂತ್‌ನಿಂದ ಶನ್ನಾ ಕಡೆಗೆ, ಬರ್ ಅಲ್ ಹಿಕ್ಮಾನ್ ಸುತ್ತ, ನೆಲ ಬಿಳಿಯಾಗಿ ಗಟ್ಟಿಯಾಗಿ ಫುಟ್‌ಬಾಲ್ ಮೈದಾನದ ಹಾಗೆ ಕಾಣುತ್ತದೆ. ಅದು ಉಪ್ಪಿನ ಹೊಪ್ಪಳೆ. ಅಡಿಯಲ್ಲಿ ಕೆಸರು. ಮರಳಲ್ಲಿ ಹೂತರೆ ಗಾಳಿ ಇಳಿಸಿ ಏಳಬಹುದು, ಸಬ್ಖಾದಲ್ಲಿ ಹೂತರೆ ಗಾಡಿ ದಿನದಿಂದ ದಿನಕ್ಕೆ ಒಳಗೆ ಹೋಗುತ್ತದೆ. ನಮ್ಮ ಒಂದು ಲಾರಿಯನ್ನು ಎತ್ತಲಿಕ್ಕೆ ಬಂದ ಇನ್ನೊಂದು ಲಾರಿಯೂ ಹೂತಿತ್ತು. ಹಳೆಯ ಗಾಲಿ ಗುರುತು ಬಿಟ್ಟು ಒಂದು ಮಾರು ಆಚೆ ಹೋಗಬೇಡಿ. ಮಳೆ ಬಂದು ವಾರದ ತನಕ ಗುರುತಿದ್ದರೂ ಹೋಗಬೇಡಿ.

ಮಸೀರಾ ದ್ವೀಪಕ್ಕೆ ಹೋಗಲಿಲ್ಲವೇ ಬೇಟಾ?

ಬೇಲೆಕೇರಿ ಹುಡುಗ

ಇಲ್ಲ ಚಾಚಾ. ಶನ್ನಾದಿಂದ ಫೆರ್ರಿ ಇದೆ, ಗಾಡಿಯನ್ನೂ ಹತ್ತಿಸ್ತಾರೆ. ಆದರೆ ಅಲ್ಲಿಗೆ ದೊಡ್ಡತಲೆಯ ಕಡಲಾಮೆಗಳು ಮೊಟ್ಟೆ ಇಡಲಿಕ್ಕೆ ಬರುವುದು ಬೇಸಗೆಯಲ್ಲಿ. ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ. ರಾಸ್ ಅಲ್ ಜಿಂಜ್‌ನಲ್ಲಿ ಮಾತ್ರ ಒಂದು ಹಸಿರಾಮೆ ಕಂಡಿತು, ಕೆಂಪು ದೀಪದಲ್ಲಿ, ಕಾವಲುಗಾರರ ಜೊತೆ. ಅಮ್ಮ ಅದಕ್ಕೆ ಕೈ ಮುಗಿದಳು. ನಮ್ಮ ದಂಡೆಗೆ ಬರುವ ಕಡಲಾಮೆಗಿಂತ ಮೂರು ಪಟ್ಟು ಇತ್ತು.

ಹುಲೇಕಲ್ ತೋಟ

ತಮಾಷೆ ಬಿಟ್ಟು ಕೇಳ್ತಿ. ಸಮುದ್ರ ಒಂದೇ, ಗಾಳಿ ಒಂದೇ ಹೇಳ್ತಿ ನೀವೆಲ್ಲ. ಮತ್ತೆ ಇಲ್ಲಿ ಜೂನ್ ಬಂತು ಹೇಳಿರೆ ಅಡಿಕೆಗೆ ಕೊಟ್ಟೆ ಕಟ್ಟಿದ್ರೂ ಕೊಳೆ ಬಪ್ಪಷ್ಟು ಮಳೆ, ಅಲ್ಲಿ ಒಂದು ಹುಲ್ಲಿಲ್ಲೆ. ಎಂತಕ್ಕೆ?

ಕೋಡಿಬಾಗ ಕಡಲು

ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಎರಡು ವರ್ಷ ಓದಿದವಳು, ಗೊತ್ತಿದ್ದಷ್ಟು ಹೇಳ್ತೇನೆ.

ಮಳೆಗಾಲದ ಗಾಳಿ ಆಫ್ರಿಕಾ ಕಡೆಯಿಂದ ಎದ್ದು ಒಮಾನಿನ ಕರಾವಳಿಯ ಪಕ್ಕದಲ್ಲೇ, ದಡಕ್ಕೆ ಸಮಾನಾಂತರವಾಗಿ ಈಶಾನ್ಯಕ್ಕೆ ಬೀಸ್ತದೆ. ದಡಕ್ಕೆ ಢಿಕ್ಕಿ ಹೊಡೆಯುವುದಿಲ್ಲ, ತಾಗಿಕೊಂಡು ಹೋಗ್ತದೆ. ಭೂಮಿ ತಿರುಗುವ ಕಾರಣಕ್ಕೆ ಹಾಗೆ ಬೀಸುವ ಗಾಳಿ ಮೇಲಿನ ನೀರನ್ನು ಬಲಕ್ಕೆ, ಅಂದರೆ ದಡದಿಂದ ಆಚೆಗೆ ತಳ್ತದೆ. ಮೇಲಿನ ನೀರು ಹೋದ ಜಾಗಕ್ಕೆ ಆಳದ ತಣ್ಣೀರು ಏಳ್ತದೆ. ತಣ್ಣೀರ ಮೇಲಿನ ಗಾಳಿಯೂ ತಣ್ಣಗೆ, ಭಾರ. ಅದರ ಮೇಲೆ ಮರುಭೂಮಿಯ ಬಿಸಿ ಒಣಗಾಳಿ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಕೂರ್ತದೆ. ತೇವ ಮೇಲೇರಲಿಕ್ಕೆ ಆಗದೇ ಮೋಡ ದೊಡ್ಡದಾಗುವುದಿಲ್ಲ. ಸಲಾಲಾದ ಹಿಂದಿನ ಗುಡ್ಡಕ್ಕೆ ಮಾತ್ರ ಅದು ಮಂಜಾಗಿ ತಾಗಿ ಜಿನುಗ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಆ ಗುಡ್ಡ ಪೂರ್ತಿ ಹಸಿರು, ಅದಕ್ಕೇ ಖರೀಫ್ ಅನ್ನುವುದು. ಸಲಾಲಾ ಪೇಟೆಯ ವರ್ಷದ ಮಳೆ ಸುಮಾರು ನೂರು ಮಿಲಿಮೀಟರ್. ಕಾರವಾರದಲ್ಲಿ ಜುಲೈಯ ಒಂದು ಜೋರು ದಿನಕ್ಕೆ ಅಷ್ಟು ಬಿದ್ದು ಹೋಗ್ತದೆ.

ಅದೇ ಗಾಳಿ ಎರಡು ಸಾವಿರ ಕಿಲೋಮೀಟರ್ ಬೆಚ್ಚಗಿನ ಸಮುದ್ರ ದಾಟಿ ಹೊಟ್ಟೆ ತುಂಬ ನೀರು ಕುಡಿದು ಬಂದು ನಮ್ಮ ಸಹ್ಯಾದ್ರಿಗೆ ಎದೆ ಕೊಡ್ತದೆ. ಮೇಲೇರದೆ ದಾರಿಯಿಲ್ಲ. ಏರಿದರೆ ಮಳೆ. ನಿಮ್ಮ ಅಡಿಕೆ ಕೊಳೆಯ ನೀರು ಅವರ ಕಡೆಯಿಂದಲೇ ಹೊರಟದ್ದು ಅನ್ನಿ.

ಇನ್ನೊಂದು. ಆಳದ ತಣ್ಣೀರಿನ ಜೊತೆ ಗೊಬ್ಬರವೂ ಮೇಲೆ ಬರ್ತದೆ, ಅದಕ್ಕೇ ಆ ಬೋಳು ದಡದ ಮುಂದಿನ ಸಮುದ್ರದಲ್ಲಿ ಮೀನು ಅಷ್ಟೊಂದು. ನಮ್ಮ ಕಡೆಯೂ ಮಳೆಗಾಲದಲ್ಲಿ ಸ್ವಲ್ಪ ಮಟ್ಟಿಗೆ ಹಾಗೇ ಆಗ್ತದೆ. ಮಳೆ ಬಿಟ್ಟ ಮೇಲೆ ತಾರ್ಲೆ, ಬಂಗಡೆ ಹಿಂಡು ಬರುವುದಕ್ಕೆ ಅದೂ ಒಂದು ಕಾರಣ. ಆ ಊಟ ಬಿಟ್ಟು ಹೋಗದೆ ಅಲ್ಲೇ ಉಳಿದ ತಿಮಿಂಗಿಲಗಳೂ ಇವೆ. ಬೇರೆ ಸಮುದ್ರಗಳ ಗೂನುಬೆನ್ನಿನ ತಿಮಿಂಗಿಲ ಧ್ರುವಕ್ಕೆ ವಲಸೆ ಹೋಗ್ತದೆ, ಅರಬ್ಬಿ ಸಮುದ್ರದ್ದು ಹೋಗುವುದಿಲ್ಲ. 2017ರಲ್ಲಿ ಒಮಾನಿನವರು ಒಂದು ಹೆಣ್ಣಿಗೆ ಉಪಗ್ರಹದ ಗುರುತು ಅಂಟಿಸಿ ಲುಬಾನ್ ಅಂತ ಹೆಸರಿಟ್ಟರು. ಅವಳು ನೇರ ಸಮುದ್ರ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು, ತೆಂಕಣಕ್ಕೆ ಇಳಿದು, ಮತ್ತೆ ಒಮಾನಿಗೆ ವಾಪಸ್ ಹೋದಳು. ವೀಸಾ ಗೀಸಾ ಏನಿಲ್ಲ.

ಹುಲೇಕಲ್ ತೋಟ

ಅಡಿಕೆ ಕೊಳೆಗೆ ಬಯ್ಯಲೆ ಈಗ ಒಂದು ವಿಳಾಸ ಸಿಕ್ಕಿದ ಹಾಂಗೆ ಆತು.

ಹೊನ್ನಾವರ ಟೀಚರ್

ಲುಬಾನ್ ಅಂದರೆ ಅರಬ್ಬಿಯಲ್ಲಿ ಧೂಪದ ಅಂಟು, ಅಲ್ವಾ? ಚಂದದ ಹೆಸರು.

ತಿಮಿಂಗಿಲಕ್ಕಿಂತ ಮೊದಲು ಮನುಷ್ಯರು ಇದೇ ದಾರಿ ಹಿಡಿದಿದ್ದರು ಅಂತ ನೆನಪಿಸಲೇಬೇಕು. ಮೊರಾಕ್ಕೊದ ಇಬ್ನ್ ಬತೂತಾ ಹದಿನಾಲ್ಕನೇ ಶತಮಾನದಲ್ಲಿ ಎರಡೂ ದಡ ನೋಡಿದವನು. ಈಗಿನ ಸಲಾಲಾ ಇರುವ ಜಾಗದ ಜಫಾರ್‌ಗೂ ಹೋಗಿದ್ದ, 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲೂ ಉಳಿದಿದ್ದ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ, ಇಂಥದ್ದು ಬೇರೆಲ್ಲೂ ನೋಡಿಲ್ಲ ಅಂತ ಬರೆದಿದ್ದಾನೆ. ಪ್ರತಿ ವರ್ಷ ಎಂಟನೇ ತರಗತಿಗೆ ಇದನ್ನು ಹೇಳುವಾಗ ಹುಡುಗಿಯರ ಬೆನ್ನು ನೆಟ್ಟಗಾಗ್ತದೆ.

ಜಫಾರ್ ಬಗ್ಗೆ ಅವನು ಬರೆದದ್ದು ಇನ್ನೂ ಮಜಾ. ಅಲ್ಲಿಂದ ಕುದುರೆಗಳು ಹಡಗಿನಲ್ಲಿ ಹಿಂದುಸ್ಥಾನಕ್ಕೆ ಹೋಗ್ತವೆ; ದನಗಳಿಗೆ ಮೇವು ಅಂದರೆ ಒಣ ತಾರ್ಲೆ; ಮತ್ತು ವೀಳ್ಯದೆಲೆ, ತೆಂಗು ಇರುವುದು ಹಿಂದುಸ್ಥಾನದಲ್ಲಿ ಮತ್ತು ಇಲ್ಲಿ ಮಾತ್ರ ಅಂತ. ಬೇಲೆಕೇರಿಯವರೇ, ಇದೆಲ್ಲ ಈಗಲೂ ಇದೆಯಾ?

ಭಟ್ಕಳ ಚಾಚಾ

ಕುದುರೆ ಇಳಿಯುತ್ತಿದ್ದದ್ದು ನಮ್ಮ ಭಟ್ಕಳದಲ್ಲೂ ಟೀಚರ್. ವಿಜಯನಗರದ ಕುದುರೆ ಲಾಯಕ್ಕೆ ಅಲ್ಲಿಂದಲೇ ಘಟ್ಟ ಹತ್ತುತ್ತಿದ್ದವು. ಬಿಟ್ಟು ಹೇಳಬಾರದು.

ಬೇಲೆಕೇರಿ ಹುಡುಗ

ಟೀಚರ್, ತಾರ್ಲೆ ಇದೆ! ಶುವೈಮಿಯಾದ ಹತ್ತಿರ ದಂಡೆಯುದ್ದಕ್ಕೂ ಬೆಳ್ಳಿ ಹಾಸಿದ ಹಾಗೆ ಒಣಗಿಸಿದ್ದರು. ಮೈಲಿ ದೂರಕ್ಕೇ ವಾಸನೆ. ನನಗೆ ಮೂಗು ಮುಚ್ಚಬೇಕು ಅನಿಸಿತು, ಅಮ್ಮ ಕಿಟಕಿ ಇಳಿಸಿದಳು. ಊರು ನೆನಪಾಯ್ತಂತೆ. ಒಂಟೆಗೆ ಹಾಕ್ತಾರೆ ಅಂದಾಗ ಮಾತ್ರ ಅವಳಿಗೆ ಬೇಜಾರಾಯ್ತು, "ಒಳ್ಳೇ ಮೀನು ಮಾರಾಯ" ಅಂತ.

ಶುವೈಮಿಯಾದಿಂದ ಹಾಸಿಕ್‌ಗೆ ಬೆಟ್ಟ ಕಡಿದು ರಸ್ತೆ ಮಾಡಿದ್ದಾರೆ. ಒಂದು ಕಡೆ ಸುಣ್ಣದ ಬಂಡೆ, ಒಂದು ಕಡೆ ಕೆಳಗೆ ಸಮುದ್ರ. ಕುಮಟಾದವರು ಕೇಳುವ ಮೊದಲೇ ಹೇಳ್ತೇನೆ, ಅರಬೈಲ್ ಘಟ್ಟ ಇಳಿಸುವ ಹಾಗೇ ಇಳಿಸಿದೆ, ಹತ್ತಿದ ಗೇರಿನಲ್ಲೇ. ಹಾಸಿಕ್ ಹತ್ತಿರ ರಸ್ತೆ ಬದಿಯ ಬಂಡೆಯಿಂದ ನೀರು ತೊಟ್ಟಿಕ್ಕುವ ಜಾಗ ಒಂದಿದೆ, ನತಿಫ್ ಅಂತ. ಜಲಪಾತ ಅಂತ ಬೋರ್ಡು. ನಮ್ಮ ಹಿತ್ತಲ ಒರತೆಯಷ್ಟೂ ಇಲ್ಲ. ಆದರೆ ಎಂಟು ದಿನ ಲೋಟದಲ್ಲಿ ಅಳೆದು ನೀರು ಬಳಸಿದ್ದ ಅಮ್ಮ ಅದರಡಿ ಹೋಗಿ ಕೈಯೊಡ್ಡಿ ನಿಂತವಳು ಸೀರೆ ಒದ್ದೆಯಾದರೂ ಸರಿಯಲಿಲ್ಲ.

ಮಿರ್ಬಾತ್ ದಾಟಿ ಸಲಾಲಾ ಬಂದರೆ, ಟೀಚರ್, ನಿಮ್ಮ ಇಬ್ನ್ ಬತೂತಾ ಹೇಳಿದ್ದು ಅಕ್ಷರಶಃ. ತೆಂಗಿನ ತೋಟ, ಬಾಳೆ, ಪಪ್ಪಾಯಿ, ರಸ್ತೆ ಬದಿಯಲ್ಲಿ ಎಳನೀರಿನ ಸಾಲು ಅಂಗಡಿ. ವೀಳ್ಯದೆಲೆ ಬಳ್ಳಿಯೂ ಇತ್ತು. ಅಮ್ಮ ಗಾಡಿಯಿಂದ ಇಳಿದು ಮೊದಲ ತೆಂಗಿನ ಮರದ ಬುಡ ತಟ್ಟಿ ನೋಡಿದಳು, ನಿಜವಾದದ್ದಾ ಅಂತ. "ನೀನು ಸುತ್ತು ಹಾಕಿಸಿ ಅಂಕೋಲಕ್ಕೇ ತಂದು ಬಿಟ್ಯಾ?" ನಕ್ಷೆ ತೆಗೆದು ನೋಡಿದೆ. ಸಲಾಲಾ ಇರುವುದು ಹೆಚ್ಚುಕಡಿಮೆ ನಮ್ಮ ವಿಜಯಪುರದ ನೇರಕ್ಕೆ.

ಹುಲೇಕಲ್ ತೋಟ

ಧೂಪದ ಮರ ನೋಡಿದ್ರ? ಯಂಗ್ಳ ಬದಿ ಕಾಡಲ್ಲಿ ಹಾಲ್ಮಡ್ಡಿ ಕೆತ್ತಿ ಅಂಟು ತೆಗೀತ, ಊದಿನಕಡ್ಡಿಗೆ ಹೋಗ್ತು. ಕೆತ್ತದು ಜಾಸ್ತಿ ಆದ್ರೆ ಮರವೇ ಸಾಯ್ತು. ಅಲ್ಲಿ ಹ್ಯಾಂಗೆ?

ಬೇಲೆಕೇರಿ ಹುಡುಗ

ನೋಡಿದೆ, ಗುಡ್ಡದ ಹಿಂದೆ ವಾದಿ ದವ್ಕಾದಲ್ಲಿ. ಮರ ಅಂದರೆ ಆಳೆತ್ತರದ ಪೊದೆ, ಸಿಪ್ಪೆ ಕಾಗದದ ಹಾಗೆ ಏಳ್ತದೆ. ತೆಳ್ಳಗೆ ಹೆರೆದು ಬಿಟ್ಟರೆ ಹಾಲಿನ ಹನಿ ಒಸರ್ತದೆ, ಎರಡು ವಾರ ಬಿಟ್ಟು ಬಂದು ಗಟ್ಟಿಯಾದದ್ದನ್ನು ಕೆರೆದುಕೊಳ್ತಾರೆ. ಅಲ್ಲೂ ಅದೇ ದೂರು, ಆಸೆಗೆ ಬಿದ್ದು ಕೆತ್ತಿದರೆ ಮರ ಬಡವಾಗ್ತದೆ ಅಂತ. ಅಮ್ಮ ಕಾಲು ಕಿಲೋ ತಂದಿದ್ದಾಳೆ, ಶಾಂತಾದುರ್ಗೆ ಗುಡಿಗೆ ಕೊಡಲಿಕ್ಕೆ.

ಅವರ್ಸಾ ಅಕ್ಕ

ಯಾರೂ ಕೇಳದ್ದು ನಾನು ಕೇಳ್ತೇನೆ. ನೀರು, ಶೌಚ, ಖರ್ಚು. ನನ್ನ ಅತ್ತೆಗೂ ಮೊಣಕಾಲು.

ಬೇಲೆಕೇರಿ ಹುಡುಗ

ಅಕ್ಕ, ಕೇಳಿದ್ದು ಒಳ್ಳೆಯದಾಯ್ತು.

ಕ್ಯಾರವಾನಿನ ಟ್ಯಾಂಕ್ ನೂರು ಲೀಟರ್, ಕ್ಯಾನ್ 120 ಲೀಟರ್. ಇಬ್ಬರಿಗೆ ನಾಲ್ಕೈದು ದಿನ, ಅದೂ ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ತೊಳೆದು ಕೊನೆಯಲ್ಲಿ ಮಾತ್ರ ಸಿಹಿನೀರು ಮುಟ್ಟಿಸಿದರೆ. ಕುಡಿಯುವ ನೀರಿನ ಬಾಟಲಿ ಬೇರೆ. ಊರು ಸಿಕ್ಕಲ್ಲೆಲ್ಲ ತುಂಬಿಸಬೇಕು, ಮುಂದೆ ಸಿಗ್ತದೆ ಅಂತ ಬಿಡಬಾರದು. ಪೆಟ್ರೋಲಿಗೂ ಅದೇ, ಮುಳ್ಳು ಅರ್ಧಕ್ಕೆ ಬಂದರೆ ತುಂಬಿಸು. ಆಗ ಲೀಟರಿಗೆ 239 ಬೈಸಾ ಇತ್ತು (ಸಾವಿರ ಬೈಸಾ ಅಂದರೆ ಒಂದು ರಿಯಾಲ್), ಒಟ್ಟು 480 ಲೀಟರ್ ಕುಡಿಯಿತು, ಸುಮಾರು 115 ರಿಯಾಲ್.

ಶೌಚಕ್ಕೆ ಕ್ಯಾರವಾನಿನಲ್ಲಿ ಪೆಟ್ಟಿಗೆ ಥರದ್ದು ಇರ್ತದೆ, ಮೂರು ದಿನಕ್ಕೊಮ್ಮೆ ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಕೇಳಿಕೊಂಡು ಖಾಲಿ ಮಾಡಬೇಕು. ಅದು ನನ್ನ ಕೆಲಸ. ಅದರ ವಿವರ ಬೇಡ. ಅತ್ತೆಗೆ ಮೊಣಕಾಲಾದರೆ ಬಾಗಿಲ ಮೆಟ್ಟಿಲು ನೋಡಿ, ನಮ್ಮದು ಎತ್ತರ ಇತ್ತು, ಕೊನೆಗೆ ಮೀನಿನ ಕ್ರೇಟ್ ಒಂದನ್ನು ಮೆಟ್ಟಿಲು ಮಾಡಿದೆವು.

ಗಾಳಿ ಮರೆತೆ. ಚಳಿಗಾಲದಲ್ಲಿ ಒಳನಾಡಿನಿಂದ ಸಮುದ್ರದ ಕಡೆಗೆ ಒಂದು ಗಾಳಿ ಬೀಸ್ತದೆ, ಬೆಲಾತ್ ಅಂತಾರೆ. ಒಂದು ರಾತ್ರಿ ಪೂರ್ತಿ ಕ್ಯಾರವಾನ್ ತೊಟ್ಟಿಲು ತೂಗಿದ ಹಾಗೆ ತೂಗಿತು. ಬೆಳಿಗ್ಗೆ ಅನ್ನದಲ್ಲೂ ಮರಳು. ಅಂಥ ದಿನ ರಸ್ತೆಗೆ ಇಳಿಯದೆ, ಮೂತಿ ಗಾಳಿಗೆ ತಿರುಗಿಸಿ ನಿಲ್ಲಿಸಿ ಸುಮ್ಮನಿರುವುದು.

ಕದ್ರಾ ಕಾಡು

ಇದನ್ನೆಲ್ಲ ನಮ್ಮಲ್ಲೇ ಯಾಕೆ ಮಾಡಬಾರದು? ಕಾರವಾರದಿಂದ ಭಟ್ಕಳದ ತನಕ ಕ್ಯಾರವಾನ್. ಮಾಜಾಳಿ, ಗೋಕರ್ಣ, ಕಾಸರಕೋಡು, ಮುರ್ಡೇಶ್ವರ. ಪ್ರವಾಸಿಗರು ಬರ್ತಾರೆ, ನಾಲ್ಕು ಜನಕ್ಕೆ ಕೆಲಸ.

ಬೈತಖೋಲ್ ಬೋಟ್

ಎಲ್ಲಿ ನಿಲ್ಲಿಸ್ತೀಯಾ? ದಂಡೆ ಮೇಲೆ ನಮ್ಮ ದೋಣಿ, ಬಲೆ, ಒಣಮೀನು. ಇರೋ ಜಾಗಕ್ಕೇ ಜಗಳ. ಅಲ್ಲಿ ಸಾವಿರ ಕಿಲೋಮೀಟರಿಗೆ ನಾಲ್ಕು ಹಳ್ಳಿ, ಇಲ್ಲಿ ನಾಲ್ಕು ಕಿಲೋಮೀಟರಿಗೆ ಹತ್ತು.

ಕುಮಟಾ ಗ್ಯಾರೇಜ್

ನನ್ನ ಅಭಿಪ್ರಾಯವೂ ಅದೇ, ಕಾರಣ ಬೇರೆ. ಕಾರವಾರದಿಂದ ಭಟ್ಕಳಕ್ಕೆ ನೂರಿಪ್ಪತ್ತು ಕಿಲೋಮೀಟರ್, ಅಷ್ಟರಲ್ಲಿ ಐದು ಹೊಳೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ. ಹೊಳೆ ಬದಿ ಗುಡ್ಡ, ಗುಡ್ಡ ಕಡಿದು ರಸ್ತೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ಅವರ್ಸಾ, ಅಂಕೋಲದವರಿಗೆ ಹೇಳಬೇಕಾಗಿಲ್ಲ. ಚಾ ಕುಡಿಯಲಿಕ್ಕೆ ಲಾರಿ ನಿಲ್ಲಿಸಿದ ಜಾಗವೇ ಹೊಳೆಗೆ ಹೋಯ್ತು. ರಾತ್ರಿ ತಂಗುವ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲು ಯಾರಾದರೂ ಕೂತು ಗುರುತು ಮಾಡಲಿ. ಆಮೇಲೆ ಕ್ಯಾರವಾನ್.

ಅವರ್ಸಾ ಅಕ್ಕ

ಆ ದಿನ ನೆನಪು ಮಾಡಬೇಡಿ. ಸದ್ದು ಇನ್ನೂ ಕಿವಿಯಲ್ಲಿದೆ.

ಬೇಲೆಕೇರಿ ಹುಡುಗ

ಗ್ಯಾರೇಜಿನವರು ಹೇಳಿದ್ದು ಅಲ್ಲಿಗೂ ಹೊಂದ್ತದೆ. ಒಣಗಿದ ವಾದಿ ಅಂದರೆ ಹೊಳೆಯ ಪಾತ್ರ, ನೋಡಲಿಕ್ಕೆ ಮಟ್ಟಸ ಜಲ್ಲಿ, ಗಾಳಿಗೆ ಮರೆ, ಗಾಡಿ ನಿಲ್ಲಿಸಲಿಕ್ಕೆ ಹೇಳಿ ಮಾಡಿಸಿದ ಹಾಗೆ. ಮಳೆ ಬಿದ್ದದ್ದು ಐವತ್ತು ಕಿಲೋಮೀಟರ್ ಆಚೆ ಗುಡ್ಡದಲ್ಲಿ, ನೀರು ಬರುವುದು ನಿಮ್ಮ ಮಲಗಿದ ಜಾಗಕ್ಕೆ. 2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸಲಾಲಾಕ್ಕೆ ಬಡಿದಾಗ ವಾದಿಗಳೆಲ್ಲ ಹೊಳೆಯಾಗಿದ್ದವು. ಅಮ್ಮ ಶುವೈಮಿಯಾದಲ್ಲಿ ಆ ಜಲ್ಲಿ ನೋಡಿದ ಕೂಡಲೇ "ಕಲ್ಲು ಉರುಟಾಗಿವೆ, ಇಲ್ಲಿ ನೀರು ಹರಿದಿದೆ, ಬೇಡ" ಅಂದಳು.

ಕದ್ರಾ ಕಾಡು

ಸರಿ, ಒಪ್ಪಿದೆ. ಬೈತಖೋಲ್, ಹಾಗಾದರೆ ಹಾಯಿ ಹಡಗು ಕೊಡಿಸಿ. 2025ರ ಮೇನಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲೇ ಆ ಹೊಲಿದ ಹಡಗು ಕೌಂಡಿಣ್ಯ ನೌಕಾಪಡೆಗೆ ಸೇರಿತಲ್ಲ, ಮೊಳೆ ಇಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದದ್ದು. ಆಮೇಲೆ ಪೋರಬಂದರಿನಿಂದ ಮಸ್ಕತ್ ಕಡೆಗೇ ಹಾಯಿ ಬಿಚ್ಚಿತು.

ಬೈತಖೋಲ್ ಬೋಟ್

ನನ್ನ ಹತ್ತಿರ ಇರೋದು ಡೀಸೆಲ್ ಬಾಕಿ ಇರೋ ಬೋಟ್ ಒಂದು. ಬೇಕಾ?

ಹೊನ್ನಾವರ ಟೀಚರ್

ಅಮ್ಮ ಈಗ ಎಲ್ಲಿದ್ದಾರೆ? ಊರಿಗೆ ಬಂದರೆ ನಮ್ಮ ಶಾಲೆಗೆ ಕರೆಯಬೇಕು. ಸೂರ್ಯ ನೀರಿನಿಂದ ಬಂದದ್ದನ್ನು ಮಕ್ಕಳಿಗೆ ಅವರೇ ಹೇಳಲಿ.

ಬೇಲೆಕೇರಿ ಹುಡುಗ

ಇಲ್ಲೇ ಮಸ್ಕತ್‌ನಲ್ಲಿ, ಫೆಬ್ರವರಿ ತನಕ. ಇದನ್ನೆಲ್ಲ ಓದಿ ಹೇಳಿದೆ. ಟೀಚರಿಗೆ ಬರ್ತೇನೆ ಅಂದಳು. ಹುಲೇಕಲ್ ತೋಟದವರು ಮರಳಿನ ರಾಶಿ ಅಂದದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ.

ಅವಳದ್ದು ಒಂದೇ ತಕರಾರು. ಇಲ್ಲಿ ಸಿಗುವ ಪ್ಲಾಸ್ಟಿಕ್ ಚಾಪೆಯಲ್ಲಿ ಬೆನ್ನು ಬೆವರ್ತದಂತೆ. ಮುಂದಿನ ವಾರ ಊರಿಂದ ಯಾರಾದರೂ ಬರುವವರಿದ್ದರೆ ಒಂದು ಹುಲ್ಲು ಚಾಪೆ ತರಬಹುದಾ?

ಭಟ್ಕಳ ಚಾಚಾ

ನನ್ನ ಮೊಮ್ಮಗ ಹದಿನೇಳಕ್ಕೆ ಮಂಗಳೂರಿನಿಂದ ಹೊರಡುತ್ತಾನೆ. ಚಾಪೆ ಉದ್ದ ಎಷ್ಟು?

ಬೇಲೆಕೇರಿ ಹುಡುಗ

ಆರು ಅಡಿ. ಎರಡು ಬಂದರೂ ಆಗ್ತದೆ ಅಂತೆ, ಒಂದು ಗಾಡಿಯಲ್ಲಿಡಲಿಕ್ಕೆ.